ಮಳೆ, ರೈಲ್ವೆ ಸ್ಟೇಷನ್ ಮತ್ತು ಒಂದು ಬಿಳಿ ಗಿಟಾರ್: ಗಾಸ್ಪೆಲ್, ಬ್ಲೂಸ್, ರಾಕ್ ಸೇರುವುದು ಎಲ್ಲಿ?

1964ರ ಮೇ 7. ಇಂಗ್ಲೆಂಡಿನ ಮ್ಯಾಂಚೆಸ್ಟರ್. ಊರಿನ ದಕ್ಷಿಣಕ್ಕೆ ವಿಲ್‌ಬ್ರಹಾಂ ರೋಡ್ ಅಂತ ಒಂದು ಹಳೇ ರೈಲ್ವೆ ಸ್ಟೇಷನ್. 1958ರಲ್ಲೇ ಅದನ್ನು ಮುಚ್ಚಿದ್ದರು. ಅವತ್ತು ಮಾತ್ರ ಅಲ್ಲಿ ಜನ. ಒಂದು ಪ್ಲಾಟ್‌ಫಾರ್ಮಿನಲ್ಲಿ ಸುಮಾರು 200 ಮಂದಿ ಕೂತಿದ್ದಾರೆ, ಹೆಚ್ಚಿನವರು ಹುಡುಗ ಹುಡುಗಿಯರು. ಮಧ್ಯೆ ಹಳಿ. ಆಚೆ ಕಡೆಯ ಪ್ಲಾಟ್‌ಫಾರ್ಮೇ ವೇದಿಕೆ. ಮಳೆ ಬಂದು ನೆಲವೆಲ್ಲ ಒದ್ದೆ.

ಅಷ್ಟರಲ್ಲಿ ಒಂದು ಕುದುರೆ ಗಾಡಿ ಬರುತ್ತದೆ. ಅದರಿಂದ 49 ವರ್ಷದ ಒಬ್ಬ ಹೆಂಗಸು ಇಳಿಯುತ್ತಾರೆ. ಉದ್ದನೆಯ ಕೋಟು, ಎತ್ತರದ ಹಿಮ್ಮಡಿಯ ಶೂ, ನೀಟಾಗಿ ಕಟ್ಟಿದ ತಲೆಗೂದಲು. ನೋಡಿದರೆ ಭಾನುವಾರ ಚರ್ಚಿಗೆ ಹೊರಟವರ ಹಾಗೆ ಕಾಣುತ್ತಾರೆ. ನಗುನಗುತ್ತಾ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದು ಬಂದು, ಬಿಳಿ ಬಣ್ಣದ ಎಲೆಕ್ಟ್ರಿಕ್ ಗಿಟಾರನ್ನು ಹೆಗಲಿಗೇರಿಸಿಕೊಳ್ಳುತ್ತಾರೆ. ತಂತಿ ಮೀಟುತ್ತಾರೆ. ಆ ಸದ್ದು ಕೇಳಿದ ಮೇಲೆ ಆ ಕೋಟು, ಆ ಶೂ ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಅವರು ಸಿಸ್ಟರ್ ರೊಸೆಟ್ಟಾ ಥಾರ್ಪ್. ಗ್ರಾನಡಾ ಟೆಲಿವಿಷನ್‌ನವರು ಚಿತ್ರೀಕರಿಸಿದ ಈ ಕಾರ್ಯಕ್ರಮದ ಹೆಸರು 'ಬ್ಲೂಸ್ ಆ್ಯಂಡ್ ಗಾಸ್ಪೆಲ್ ಟ್ರೈನ್'. ಅದೇ ವರ್ಷದ ಆಗಸ್ಟ್‌ನಲ್ಲಿ ಟಿವಿಯಲ್ಲಿ ಬಂತು. ಕಪ್ಪು ಬಿಳುಪಿನ ಆ ದೃಶ್ಯಗಳು ಇವತ್ತಿಗೂ ಯೂಟ್ಯೂಬಿನಲ್ಲಿ ಸಿಗುತ್ತವೆ. ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಗಾಸ್ಪೆಲ್ ಅಂದರೆ ಏನು, ಬ್ಲೂಸ್ ಅಂದರೆ ಏನು, ರಾಕ್ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ಮೊದಲು ಇದನ್ನು ನೋಡಿ ಅಂತೀನಿ. ಯಾಕೆಂದರೆ ಮೂರೂ ಇಲ್ಲಿ ಒಬ್ಬರೇ ಮನುಷ್ಯರ ಮೈಯಲ್ಲಿ, ಒಂದೇ ಹಾಡಿನಲ್ಲಿ ಕಾಣಿಸುತ್ತವೆ.

ಅವತ್ತು ಹಾಡಬೇಕಾಗಿದ್ದ ಮೊದಲ ಹಾಡು ಬೇರೆಯೇ ಇತ್ತಂತೆ. ಮಳೆ ನೋಡಿ ಥಾರ್ಪ್ ಅವರು ನಿರ್ಮಾಪಕ ಜಾನಿ ಹ್ಯಾಂಪ್ ಅವರನ್ನು ಕೇಳಿ ಹಾಡು ಬದಲಾಯಿಸಿದರು. ಹಾಡಿದ್ದು 'ಡಿಡಂಟ್ ಇಟ್ ರೇನ್'. ಎಂಥಾ ಮಳೆ ಸುರಿಯಿತಲ್ಲಾ ಅನ್ನುವ ಹಾಡು ಅದು. ನೋಹನ ಕಾಲದ ಪ್ರಳಯದ ಕಥೆ, ನಲವತ್ತು ಹಗಲು ನಲವತ್ತು ರಾತ್ರಿ ಬಿಡದೆ ಸುರಿದ ಮಳೆ. ಮ್ಯಾಂಚೆಸ್ಟರಿನ ಒದ್ದೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಹಾಡಲು ಇದಕ್ಕಿಂತ ಹೊಂದುವ ಹಾಡು ಇನ್ಯಾವುದಿದೆ?

ಈಗ ಆ ಹಾಡನ್ನೇ ಹಿಡಿದು ಒಂದೊಂದು ಎಳೆ ಬಿಡಿಸೋಣ.

ಮಾತಿನ ಎಳೆ ಗಾಸ್ಪೆಲ್. ಬೈಬಲ್ಲಿನ ಕಥೆ, ದೇವರ ಕಡೆಗೆ ಮುಖ. ಬೆರಳಿನ ಎಳೆ ಬ್ಲೂಸ್. ಹಿಂದೆ ಪಿಯಾನೋ ನುಡಿಸುತ್ತಿರುವವರು ಓಟಿಸ್ ಸ್ಪ್ಯಾನ್, ಷಿಕಾಗೋ ಬ್ಲೂಸಿನ ದೊಡ್ಡ ಹೆಸರಾದ ಮಡ್ಡಿ ವಾಟರ್ಸ್ ಅವರ ತಂಡದವರು. ಇನ್ನು ಆ ಗಿಟಾರಿನ ಸದ್ದು, ಅದು ಗೊಗ್ಗರಾಗಿ ಮುನ್ನುಗ್ಗುವ ರೀತಿ, ನಿಂತ ನಿಲುವು, ಜನರನ್ನು ಕೆಣಕುವ ನಗು, ಇದನ್ನೆಲ್ಲ ನಾವು ರಾಕ್ ಅಂತೀವಿ. ಹೀಗೆ ಹೇಳಿದರೆ ಮೂರು ಬೇರೆ ಬೇರೆ ಸಾಮಾನು ತಂದು ಮಿಕ್ಸಿಗೆ ಹಾಕಿದ ಹಾಗೆ ಅನ್ನಿಸುತ್ತದೆ, ಅಲ್ವಾ? ಎಷ್ಟೋ ಜನ ಹಾಗೇ ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇವು ಒಂದೇ ಮನೆಯಲ್ಲಿ ಹುಟ್ಟಿದವು. ಮಧ್ಯೆ ಗೋಡೆ ಎದ್ದಿದ್ದು ಆಮೇಲೆ. ಥಾರ್ಪ್ ಆ ಗೋಡೆಯ ಎರಡೂ ಕಡೆ ಕಾಲಿಟ್ಟು ನಿಂತವರು.

ಆ ಮನೆ ಯಾವುದು? ಅಮೆರಿಕದ ದಕ್ಷಿಣ ರಾಜ್ಯಗಳು, ಗುಲಾಮರಾಗಿದ್ದ ಕಪ್ಪು ಜನರ ಬದುಕು. ಆಫ್ರಿಕಾದಿಂದ ಬಂದವರ ಸಂಗೀತಕ್ಕೆ ಡೋಲು ಜೀವ. ಆದರೆ ಡೋಲಿನ ಸದ್ದಿನಿಂದ ಸುದ್ದಿ ಹಬ್ಬುತ್ತದೆ, ದಂಗೆ ಏಳುತ್ತದೆ ಅಂತ ಒಡೆಯರಿಗೆ ಭಯ. 1739ರಲ್ಲಿ ಸೌತ್ ಕೆರೊಲಿನಾದಲ್ಲಿ ಗುಲಾಮರು ದಂಗೆ ಎದ್ದ ಮೇಲೆ, 1740ರಲ್ಲಿ ಅಲ್ಲಿನ ಸರ್ಕಾರ ಕಾನೂನು ಮಾಡಿ ಡೋಲನ್ನೇ ನಿಷೇಧಿಸಿತು. ಡೋಲು ಹೋಯಿತು. ಕೈ ಕಾಲು ಉಳಿದವು. ಚಪ್ಪಾಳೆ, ನೆಲಕ್ಕೆ ತುಳಿಯುವ ಪಾದ, ಇವೇ ತಾಳವಾದವು. ಹೊಲದಲ್ಲಿ ಒಬ್ಬರು ಕೂಗಿ ಹಾಡಿದರೆ ಉಳಿದವರು ಓಗೊಡುವುದು. ಪ್ರಾರ್ಥನೆಯಲ್ಲೂ ಅದೇ ಪದ್ಧತಿ.

ನಮ್ಮೂರಿನ ಭಜನೆ ಕೇಳಿದವರಿಗೆ ಈ ಓಗೊಡುವ ಪದ್ಧತಿ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರು ಸಾಲು ಎತ್ತುತ್ತಾರೆ, ಗುಂಪು ಹಿಡಿದುಕೊಳ್ಳುತ್ತದೆ. ಆದರೆ ಒಂದು ವ್ಯತ್ಯಾಸ ಇದೆ. ಭಜನೆಯಲ್ಲಿ ಗುಂಪು ಸಾಮಾನ್ಯವಾಗಿ ಅದೇ ಸಾಲನ್ನು ಮರಳಿ ಹೇಳುತ್ತದೆ. ಕಪ್ಪು ಜನರ ಚರ್ಚಿನಲ್ಲಿ ಗುಂಪು ಉತ್ತರ ಕೊಡುತ್ತದೆ. ಹೌದು ಅನ್ನುತ್ತದೆ, ಇನ್ನೂ ಹೇಳು ಅನ್ನುತ್ತದೆ, ಹಾಡುವವರನ್ನು ತಳ್ಳುತ್ತದೆ. ಥಾರ್ಪ್ ಹಾಡುವಾಗ ಗಮನಿಸಿ. ಒಂದು ಸಾಲು ಹಾಡಿ ಬಿಡುತ್ತಾರೆ. ಆ ಖಾಲಿ ಜಾಗದಲ್ಲಿ ಗಿಟಾರ್ ಮಾತಾಡುತ್ತದೆ. ಓಗೊಡುವ ಗುಂಪು ಅಲ್ಲಿಲ್ಲ, ಗಿಟಾರೇ ಆ ಗುಂಪಿನ ಕೆಲಸ ಮಾಡುತ್ತಿದೆ. ಬ್ಲೂಸ್ ಹಾಡುಗಾರರು ಮಾಡುವುದೂ ಇದನ್ನೇ. ರಾಕ್ ಬ್ಯಾಂಡಿನಲ್ಲಿ ಹಾಡುಗಾರ ನಿಲ್ಲಿಸಿದ ತಕ್ಷಣ ಗಿಟಾರಿನವನು ನಾಲ್ಕು ಸ್ವರ ಹೊಡೆಯುತ್ತಾನಲ್ಲ, ಅದೂ ಇದೇ.

ತಾಳಕ್ಕೆ ಬರೋಣ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ಸುಮ್ನೆ ಬಾಯಲ್ಲೇ ಎಣಿಸಿದರೂ ಸಾಕು. ನಮಗೆ ಸಹಜವಾಗಿ ಒಂದರ ಮೇಲೆ ಚಪ್ಪಾಳೆ ಬೀಳುತ್ತದೆ. ಆದಿ ತಾಳ ಹಾಕಿ ಅಭ್ಯಾಸವಾದ ಕೈ, ಮೊದಲ ಪೆಟ್ಟು ಗಟ್ಟಿ. ಈಗ ಒಂದಕ್ಕೆ ಕಾಲು ತುಳಿಯಿರಿ, ಎರಡಕ್ಕೆ ಚಪ್ಪಾಳೆ, ಮೂರಕ್ಕೆ ಕಾಲು, ನಾಲ್ಕಕ್ಕೆ ಚಪ್ಪಾಳೆ. ಎರಡು ಸುತ್ತು ಮಾಡುವಷ್ಟರಲ್ಲಿ ಮೈ ತಾನಾಗಿ ತೂಗಲು ಶುರುವಾಗುತ್ತದೆ. ಎರಡು ಮತ್ತು ನಾಲ್ಕರ ಮೇಲೆ ಬೀಳುವ ಈ ಪೆಟ್ಟನ್ನು ಬ್ಯಾಕ್‌ಬೀಟ್ ಅಂತಾರೆ. ಗಾಸ್ಪೆಲ್ ಚರ್ಚಿನ ಚಪ್ಪಾಳೆ ಅಲ್ಲಿ ಬೀಳುತ್ತದೆ. ರಾಕ್ ಬ್ಯಾಂಡಿನ ಡ್ರಮ್ಮರ್ ಸ್ನೇರ್ ಡ್ರಮ್ಮಿಗೆ ಬಲವಾಗಿ ಹೊಡೆಯುವುದೂ ಅಲ್ಲೇ. ಅದೇ ಚಪ್ಪಾಳೆ, ಕೋಲಿನ ತುದಿಗೆ ಬಂದಿದೆ ಅಷ್ಟೆ.

ಬ್ಲೂಸ್ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಅದನ್ನು ಬರೀ ದುಃಖದ ಹಾಡು ಅಂದುಕೊಳ್ಳುವವರು ಬಹಳ. ದುಃಖ ಇದೆ, ನಿಜ. ಜೊತೆಗೆ ದುಃಖವನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸುವ ಧೈರ್ಯವೂ ಇದೆ. ಅದರ ಮಾಮೂಲಿ ಕಟ್ಟು ಹೀಗೆ: ಒಂದು ಸಾಲು ಹಾಡಬೇಕು, ಅದನ್ನೇ ಮತ್ತೊಮ್ಮೆ ಹಾಡಬೇಕು, ಮೂರನೇ ಸಾಲಿನಲ್ಲಿ ಮುಗಿಸಬೇಕು. ಕನ್ನಡದಲ್ಲಿ ನಾನೇ ಒಂದು ಕಟ್ಟಿ ತೋರಿಸುತ್ತೇನೆ.

ರಾತ್ರಿ ಹೊರಟ ರೈಲು ಬೆಳಗಾದರೂ ಬರಲಿಲ್ಲ,
ಅಯ್ಯೋ, ರಾತ್ರಿ ಹೊರಟ ರೈಲು ಬೆಳಗಾದರೂ ಬರಲಿಲ್ಲ,
ಕಾದು ಕಾಲು ಸೋತರೂ ಮನೆಗೆ ಹೋಗೋ ಮನಸ್ಸಿಲ್ಲ.

ಎರಡನೇ ಸಲ ಅದೇ ಸಾಲು ಬಂದಾಗ ಅದೇ ಅರ್ಥ ಇರುವುದಿಲ್ಲ. ಮೊದಲ ಸಲ ಸುದ್ದಿ. ಎರಡನೇ ಸಲ ನೋವು. ಕೆಳಗೆ ಗಿಟಾರ್ ಅಥವಾ ಪಿಯಾನೋ ಮೂರೇ ಮೂರು ಮೆಟ್ಟಿಲ ಮೇಲೆ ಓಡಾಡುತ್ತಿರುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಮಧ್ಯಮ, ಪಂಚಮ, ಈ ಮೂರರ ಮೇಲೆ ಕಟ್ಟಿದ ಸ್ವರಗುಚ್ಛಗಳು. ಮೊದಲ ಸಾಲು ಷಡ್ಜದ ಮೇಲೆ ನಿಲ್ಲುತ್ತದೆ. ಎರಡನೆಯದು ಮಧ್ಯಮಕ್ಕೆ ಹೋಗಿ ವಾಪಸು ಬರುತ್ತದೆ. ಮೂರನೆಯದು ಪಂಚಮಕ್ಕೆ ಹತ್ತಿ ಇಳಿದು ಮನೆ ಸೇರುತ್ತದೆ. ಒಟ್ಟು ಹನ್ನೆರಡು ಆವರ್ತ, ಒಂದೊಂದಕ್ಕೂ ನಾಲ್ಕು ಎಣಿಕೆ. ಹನ್ನೆರಡರ ಬದಲು ಎಂಟರಲ್ಲಿ ಮುಗಿಯುವ ಬ್ಲೂಸೂ ಉಂಟು. ಈ ಕಟ್ಟು ಎಷ್ಟು ಸಲೀಸು ಅಂದರೆ, ಮುಖ ಪರಿಚಯ ಇಲ್ಲದ ನಾಲ್ಕು ಜನ ಬ್ಲೂಸ್ ಬಲ್ಲವರು ಒಂದೆಡೆ ಸೇರಿದರೆ ಶ್ರುತಿ ಯಾವುದು ಅಂತ ಕೇಳಿಕೊಂಡು ನುಡಿಸಲು ಶುರು ಮಾಡಬಹುದು.

ಇನ್ನು ಆ ಸ್ವರಗಳು. ಪಿಯಾನೋದಲ್ಲಿ ಪ್ರತಿ ಸ್ವರಕ್ಕೂ ಒಂದು ಮನೆ, ಅಲ್ಲೇ ನಿಲ್ಲಬೇಕು. ಬ್ಲೂಸ್ ಗಂಟಲು ಆ ಮನೆಗಳ ನಡುವಿನ ಓಣಿಯಲ್ಲಿ ಓಡಾಡುತ್ತದೆ. ಅದರ ಗಾಂಧಾರ ಸಾಧಾರಣವೂ ಅಲ್ಲ, ಅಂತರವೂ ಅಲ್ಲ, ಎರಡರ ನಡುವೆ ಎಲ್ಲೋ ಇರುತ್ತದೆ. ಇದನ್ನೇ ಬ್ಲೂ ನೋಟ್ ಅಂತ ಕರೆಯುತ್ತಾರೆ. ಗಿಟಾರಿನಲ್ಲಿ ಇದನ್ನು ಹೊರಡಿಸಬೇಕಾದರೆ ತಂತಿಯನ್ನು ಒತ್ತಿ ಹಿಡಿದು ಪಕ್ಕಕ್ಕೆ ಎಳೆಯಬೇಕು. ಎಳೆದಷ್ಟೂ ಸ್ವರ ಮೇಲೇರುತ್ತದೆ. ವೀಣೆ ನುಡಿಸುವವರು ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ಕೊಡುವುದನ್ನು ಹತ್ತಿರದಿಂದ ನೋಡಿದ್ದರೆ ಇದು ತಕ್ಷಣ ಅರ್ಥವಾಗುತ್ತದೆ. ಗಮಕ ಕೇಳಿ ಬೆಳೆದ ಕಿವಿಗೆ ಬ್ಲೂಸ್ ಪರಕೀಯ ಅನ್ನಿಸುವುದೇ ಇಲ್ಲ. ನನಗಂತೂ ಮೊದಲ ಸಲ ಕೇಳಿದಾಗಲೇ ಎಲ್ಲೋ ಕೇಳಿದ ಹಾಗಿದೆಯಲ್ಲಾ ಅನ್ನಿಸಿತ್ತು.

ಚರ್ಚಿನ ಹಾಡಿನಲ್ಲೂ ಇದೇ ಎಳೆತ, ಇದೇ ನಡುವಿನ ಸ್ವರ, ಇದೇ ಓಗೊಡುವಿಕೆ. ಹಾಗಾದರೆ ವ್ಯತ್ಯಾಸ ಏನು? ಯಾರಿಗೆ ಹಾಡುತ್ತಿದ್ದೀರಿ ಅನ್ನುವುದು. ಶನಿವಾರ ರಾತ್ರಿ ಸಾರಾಯಿ ಅಂಗಡಿಯಲ್ಲಿ ಬಿಟ್ಟು ಹೋದ ಗಂಡನಿಗೋ ಹೆಂಡತಿಗೋ ಹಾಡಿದರೆ ಬ್ಲೂಸ್. ಭಾನುವಾರ ಬೆಳಗ್ಗೆ ಚರ್ಚಿನಲ್ಲಿ ಏಸುವಿಗೆ ಹಾಡಿದರೆ ಗಾಸ್ಪೆಲ್. ಎಷ್ಟೋ ಕಡೆ ಎರಡಕ್ಕೂ ಬರುವವರು ಅದೇ ಜನ.

ಇದಕ್ಕೆ ಥಾಮಸ್ ಡಾರ್ಸಿ ಅವರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1899ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿದವರು. ತಂದೆ ಪಾದ್ರಿ. ಮಗ 'ಜಾರ್ಜಿಯಾ ಟಾಮ್' ಅನ್ನುವ ಹೆಸರಿನಲ್ಲಿ ಬ್ಲೂಸ್ ಪಿಯಾನೋ ನುಡಿಸಿದರು. ಬ್ಲೂಸಿನ ತಾಯಿ ಅಂತ ಕರೆಸಿಕೊಂಡ ಮಾ ರೈನಿ ಅವರ ತಂಡದಲ್ಲಿದ್ದರು. ಪೋಲಿ ಹಾಡು ಬರೆದು 1928ರಲ್ಲಿ ದೊಡ್ಡ ಯಶಸ್ಸು ಕಂಡರು. ಅದೇ ಮನುಷ್ಯ ದೇವರ ಹಾಡುಗಳನ್ನೂ ಬರೆಯುತ್ತಿದ್ದರು, ಬ್ಲೂಸಿನ ನಡೆಯಲ್ಲೇ. ಷಿಕಾಗೋದ ಎಷ್ಟೋ ಚರ್ಚುಗಳು ಮೊದಮೊದಲು ಅವನ್ನು ಒಳಗೆ ಬಿಡಲಿಲ್ಲ. 1932ರ ಆಗಸ್ಟಿನಲ್ಲಿ ಅವರು ಸೇಂಟ್ ಲೂಯಿಸ್‌ಗೆ ಹಾಡಲು ಹೋಗಿದ್ದಾಗ ಟೆಲಿಗ್ರಾಂ ಬಂತು. ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡಿದ್ದರು. ಮನೆಗೆ ಬಂದ ಮೇಲೆ ಮಗುವೂ ಉಳಿಯಲಿಲ್ಲ. ಆ ದಿನಗಳಲ್ಲಿ ಪಿಯಾನೋ ಮುಂದೆ ಕೂತು ಕಟ್ಟಿದ ಹಾಡು 'ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್'. ಕೈ ಹಿಡಿದು ನಡೆಸು ಅಂತ ದೇವರನ್ನು ಕೇಳುವ ಹಾಡು. ಗಾಸ್ಪೆಲ್ ಸಂಗೀತದ ಜನಕ ಅಂತ ಇವತ್ತು ಡಾರ್ಸಿ ಅವರನ್ನೇ ಕರೆಯುತ್ತಾರೆ. ಬ್ಲೂಸ್ ಕೈಯೇ ಗಾಸ್ಪೆಲ್ಲನ್ನು ಕಟ್ಟಿದ್ದು.

ರೊಸೆಟ್ಟಾ ಹುಟ್ಟಿದ್ದು 1915ರ ಮಾರ್ಚ್ 20ರಂದು, ಆರ್ಕನ್ಸಾದ ಕಾಟನ್ ಪ್ಲಾಂಟ್ ಎಂಬ ಊರಿನಲ್ಲಿ. ಹೆಸರೇ ಹೇಳುವ ಹಾಗೆ ಅದು ಹತ್ತಿ ಬೆಳೆಯುವ ಸೀಮೆ. ಅಮ್ಮ ಕೇಟಿ ಬೆಲ್ ನ್ಯೂಬಿನ್ ಮ್ಯಾಂಡೊಲಿನ್ ನುಡಿಸುತ್ತಾ ಊರೂರು ಸುತ್ತಿ ಬೋಧನೆ ಮಾಡುತ್ತಿದ್ದರು. ಅವರು ಸೇರಿದ್ದು ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್ ಅನ್ನುವ ಪೆಂಟೆಕೋಸ್ಟಲ್ ಪಂಗಡಕ್ಕೆ. ಇದು ಮುಖ್ಯ ಯಾಕೆಂದರೆ, ಬೇರೆ ಎಷ್ಟೋ ಚರ್ಚುಗಳಲ್ಲಿ ಆರ್ಗನ್ ಬಿಟ್ಟು ಬೇರೆ ವಾದ್ಯ ತಂದರೆ ಮುಖ ಸಿಂಡರಿಸುತ್ತಿದ್ದ ಕಾಲ ಅದು. ಈ ಪಂಗಡದಲ್ಲಿ ಡ್ರಮ್, ಗಿಟಾರ್, ತುತ್ತೂರಿ, ಕುಣಿತ ಎಲ್ಲಕ್ಕೂ ಜಾಗವಿತ್ತು. ಹೆಂಗಸರು ಹಾಡಬಹುದಿತ್ತು, ಬೋಧಿಸಬಹುದಿತ್ತು. ಪುಟ್ಟ ರೊಸೆಟ್ಟಾ ಇನ್ನೂ ಸರಿಯಾಗಿ ಓದು ಬರಹ ಕಲಿಯುವ ಮೊದಲೇ ಗಿಟಾರ್ ಹಿಡಿದು ಅಮ್ಮನ ಜೊತೆ ಹಾಡುತ್ತಿದ್ದಳು. 1920ರ ದಶಕದಲ್ಲಿ ತಾಯಿ ಮಗಳು ಷಿಕಾಗೋ ಸೇರಿದರು. ಹಳ್ಳಿಯ ಚಪ್ಪಾಳೆ ಮತ್ತು ಪಟ್ಟಣದ ಬ್ಲೂಸ್ ಎರಡೂ ಅವಳ ಕಿವಿಗೆ ಬಿದ್ದದ್ದು ಹೀಗೆ.

1938ರ ಅಕ್ಟೋಬರ್ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಡೆಕ್ಕಾ ಕಂಪನಿಗೆ ಮೊದಲ ನಾಲ್ಕು ಹಾಡು ಹಾಡಿದರು. ಅದರಲ್ಲಿ ಒಂದು 'ರಾಕ್ ಮಿ'. ಮೂಲದಲ್ಲಿ ಅದು ಡಾರ್ಸಿ ಅವರ ದೇವರ ಹಾಡು. ಜೀವನದ ಬಿರುಗಾಳಿ ನಿಲ್ಲುವವರೆಗೂ ನಿನ್ನ ಎದೆಯಲ್ಲಿ ಬಚ್ಚಿಟ್ಟುಕೋ, ನಿನ್ನ ಪ್ರೀತಿಯ ತೊಟ್ಟಿಲಲ್ಲಿ ತೂಗು ಅನ್ನುವ ಭಾವ. ರಾಕ್ ಅಂದರೆ ಇಲ್ಲಿ ಬಂಡೆ ಅಲ್ಲ, ತೂಗುವುದು. ದೇವರ ಮುಂದೆ ಹೇಳಿದರೆ ಅದು ಜೋಗುಳ. ನೈಟ್‌ಕ್ಲಬ್ಬಿನಲ್ಲಿ ಜಾಝ್ ಬ್ಯಾಂಡ್ ಜೊತೆ, ಆ ಧ್ವನಿಯಲ್ಲಿ ಹಾಡಿದರೆ ಕೇಳುವವರ ಮನಸ್ಸು ಬೇರೆ ಕಡೆಗೂ ಹೋಗುತ್ತಿತ್ತು. ಒಂದೇ ಪದದಲ್ಲಿ ಎರಡೂ ಅರ್ಥ. ಮುಂದೆ ರಾಕ್ ಅಂಡ್ ರೋಲ್ ಅಂತ ಹೆಸರು ಪಡೆದ ಸಂಗೀತದ ತುಂಬಾ ಈ ಪದ ತೂಗಾಡುತ್ತಿದೆ, ಅಲ್ವಾ?

ಅದೇ ವರ್ಷ ಕಾಟನ್ ಕ್ಲಬ್ ಅನ್ನುವ ನೈಟ್‌ಕ್ಲಬ್ಬಿನಲ್ಲಿ ಕ್ಯಾಬ್ ಕ್ಯಾಲೋವೇ ಅವರ ಜಾಝ್ ಬ್ಯಾಂಡಿನೊಂದಿಗೆ ಹಾಡಿದರು. ಡಿಸೆಂಬರ್ 23ಕ್ಕೆ ದೊಡ್ಡ ಸಂಗೀತ ಸಭಾಂಗಣವಾದ ಕಾರ್ನೆಗಿ ಹಾಲ್‌ನಲ್ಲಿ ಹಾಡಿದರು. ಕ್ಲಬ್ಬಿನಂಥ ಕುಡಿತ, ಕುಣಿತದ ಜಾಗದಲ್ಲಿ ದೇವರ ಹಾಡು! ಚರ್ಚಿನವರಿಗೆ ಇದು ಸಹಿಸಲಾಗದ ಮಾತು. ಥಾರ್ಪ್ ಅವರ ಸಮಕಾಲೀನರಾದ ಮಹಾಲಿಯಾ ಜಾಕ್ಸನ್ ಬ್ಲೂಸ್ ಹಾಡುವುದೇ ಇಲ್ಲ ಅಂತ ಕೊನೆವರೆಗೂ ಹಟ ಹಿಡಿದವರು. ಗಾಸ್ಪೆಲ್ಲಿನ ರಾಣಿ ಅಂತ ಗೌರವ ಪಡೆದರು. ಥಾರ್ಪ್ ಹಾಗೆ ಒಂದು ಕಡೆ ನಿಲ್ಲಲಿಲ್ಲ. 1950ರ ದಶಕದಲ್ಲಿ ಬ್ಲೂಸ್ ಹಾಡಿ ರೆಕಾರ್ಡ್ ಮಾಡಿದಾಗ ಅವರ ಚರ್ಚಿನ ಕೇಳುಗರು ಎಷ್ಟೋ ಜನ ಕೈಬಿಟ್ಟರು. ನನ್ನ ಮಟ್ಟಿಗೆ ಇಬ್ಬರೂ ದೊಡ್ಡವರೇ. ಆದರೆ ಬೈಸಿಕೊಂಡೂ ಎರಡೂ ಕಡೆಯವರಾಗಿ ಉಳಿಯುವುದು ತುಂಬಾ ಕಷ್ಟದ ದಾರಿ.

ರಾಕ್ ಎಲ್ಲಿ ಬಂತು ಅನ್ನುವುದಕ್ಕೆ 1944ರಲ್ಲಿ ರೆಕಾರ್ಡ್ ಆದ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಕೇಳಬೇಕು. ಸ್ಯಾಮಿ ಪ್ರೈಸ್ ಅವರ ಬೂಗಿ ಪಿಯಾನೋ ಕೆಳಗೆ ದಡದಡ ಓಡುತ್ತಿದೆ, ಮೇಲೆ ಥಾರ್ಪ್ ಅವರ ಎಲೆಕ್ಟ್ರಿಕ್ ಗಿಟಾರ್. ಮಾತು ಪೂರ್ತಿ ದೇವರದ್ದು. 1945ರಲ್ಲಿ ಅದು ಬಿಲ್‌ಬೋರ್ಡ್ ಪತ್ರಿಕೆ ಕಪ್ಪು ಜನರ ಸಂಗೀತಕ್ಕೆಂದು ಇಟ್ಟಿದ್ದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಮುಂದೆ ರಾಕ್ ಅಂಡ್ ರೋಲಿನ ರಾಜ ಅನ್ನಿಸಿಕೊಂಡ ಎಲ್ವಿಸ್ ಪ್ರೆಸ್ಲಿಗೆ ಆಗ ಹತ್ತು ವರ್ಷ. ಮೊದಲ ರಾಕ್ ಅಂಡ್ ರೋಲ್ ರೆಕಾರ್ಡ್ ಯಾವುದು ಅನ್ನುವ ಜಗಳ ಮುಗಿಯುವಂಥದ್ದಲ್ಲ. ಆ ಜಗಳದಲ್ಲಿ ಈ ಹಾಡಿನ ಹೆಸರು ಬಂದೇ ಬರುತ್ತದೆ. 1947ರಲ್ಲಿ ಜಾರ್ಜಿಯಾದ ಮೇಕನ್ ಊರಿನಲ್ಲಿ ಥಾರ್ಪ್ ತಮ್ಮ ಕಾರ್ಯಕ್ರಮಕ್ಕೆ ಮುಂಚೆ ಒಬ್ಬ ಹದಿಹರೆಯದ ಹುಡುಗ ಹಾಡುವುದನ್ನು ಕೇಳಿ, ಅವನನ್ನು ವೇದಿಕೆಗೆ ಕರೆದು ಹಾಡಿಸಿದರು, ದುಡ್ಡೂ ಕೊಟ್ಟರು. ಮುಂದೆ ಅವನೇ ರಾಕ್ ಅಂಡ್ ರೋಲಿನ ದೊಡ್ಡ ಹಾಡುಗಾರ ಲಿಟಲ್ ರಿಚರ್ಡ್.

ಥಾರ್ಪ್ ಅವರ ಜೊತೆ ಪ್ರವಾಸ ಮಾಡಿದ ತಂಡಗಳಲ್ಲಿ ಬಿಳಿಯರ ತಂಡವಾದ ಜೋರ್ಡನೇರ್ಸ್ ಕೂಡ ಒಂದು. ದಕ್ಷಿಣದ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಊಟ ಕೊಡುತ್ತಿರಲಿಲ್ಲ, ರೂಮು ಕೊಡುತ್ತಿರಲಿಲ್ಲ. ಹಾಗಾಗಿ ಬಸ್ಸಿನಲ್ಲೇ ಮಲಗುವ ವ್ಯವಸ್ಥೆ. ಬಿಳಿ ಹುಡುಗರು ಹೋಟೆಲಿನೊಳಗೆ ಹೋಗಿ, ಇವರಿಗೆ ಊಟ ಕಟ್ಟಿಸಿಕೊಂಡು ಬಸ್ಸಿಗೆ ತಂದು ಕೊಡುತ್ತಿದ್ದರು. ಸಾವಿರಾರು ಜನ ಚಪ್ಪಾಳೆ ಹೊಡೆದ ರಾತ್ರಿಯೂ ಹಾಗೇ. 1951ರ ಜುಲೈ 3ರಂದು ವಾಷಿಂಗ್ಟನ್‌ನ ಗ್ರಿಫಿತ್ ಸ್ಟೇಡಿಯಂನಲ್ಲಿ ಟಿಕೆಟ್ ಇಟ್ಟು ಅವರ ಮದುವೆ ಮಾಡಿದರು, ಮದುವೆ ಆದ ಮೇಲೆ ಸಂಗೀತ ಕಛೇರಿ. ಸುಮಾರು 25,000 ಜನ ಬಂದಿದ್ದರು. ಸ್ಟೇಡಿಯಂ ರಾಕ್ ಅಂತ ಆಮೇಲೆ ಬಂದದ್ದನ್ನು ಈ ಗಾಸ್ಪೆಲ್ ಹಾಡುಗಾರ್ತಿ ಮದುವೆ ಸೀರೆಯ ಬದಲು ಗೌನ್ ಉಟ್ಟು ಆಗಲೇ ಮಾಡಿ ತೋರಿಸಿದ್ದರು. ಜೋರ್ಡನೇರ್ಸ್ ತಂಡ 1956ರಿಂದ ಎಲ್ವಿಸ್ ಹಿಂದೆ ನಿಂತು ಹಾಡಿತು.

ಮತ್ತೆ ಮ್ಯಾಂಚೆಸ್ಟರಿಗೆ ಬರೋಣ. ಅಮೆರಿಕದಲ್ಲಿ ಥಾರ್ಪ್ ಅವರ ಹೆಸರು ಮಸುಕಾಗುತ್ತಿದ್ದ ಕಾಲ. ಇಂಗ್ಲೆಂಡಿನಲ್ಲಿ ಮಾತ್ರ ಈ ಸಂಗೀತಕ್ಕೆ ಹುಚ್ಚು ಹತ್ತಿತ್ತು. ಅಲ್ಲಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ತಂಡದ ಮೊದಲ ಆಲ್ಬಂ ಬಂದು ಇನ್ನೂ ಮೂರು ವಾರ. ಆ ತಂಡದ ಹೆಸರೇ ಮಡ್ಡಿ ವಾಟರ್ಸ್ ಅವರ ಒಂದು ಹಾಡಿನಿಂದ ತೆಗೆದದ್ದು. ಆ ಮಡ್ಡಿ ವಾಟರ್ಸ್ ಇಲ್ಲಿ, ಇದೇ ಪ್ಲಾಟ್‌ಫಾರ್ಮಿನಲ್ಲಿ ಹಾಡಿದರು. ಹಾರ್ಮೋನಿಕಾದ ಸನ್ನಿ ಟೆರ್ರಿ, ಗಿಟಾರಿನ ಬ್ರೌನಿ ಮೆಗೀ, ಪಿಯಾನೋದ ಕಸಿನ್ ಜೋ ಇದ್ದರು. ಇವರೆಲ್ಲ ಬ್ರಿಟನ್ ಸುತ್ತಲು ಬಂದ ಒಂದೇ ತಂಡದವರು. ಪ್ರೇಕ್ಷಕರನ್ನು ಕರೆತಂದದ್ದೂ ವಿಶೇಷ ರೈಲಿನಲ್ಲಿ.

ಟಿವಿಯವರು ಸ್ಟೇಷನ್ನಿಗೆ ಅಮೆರಿಕದ ದಕ್ಷಿಣದ ವೇಷ ಹಾಕಿದ್ದರು. 'ಚೋರ್ಲ್ಟನ್‌ವಿಲ್' ಅಂತ ಬೋರ್ಡು, ಮೂಟೆ, ಪೆಟ್ಟಿಗೆ, ತೂಗುಕುರ್ಚಿ, ಕೋಳಿ, ಆಡು. ನೋಡಲು ಚಂದವೇ. ಆದರೆ ನೋಡುವಾಗೆಲ್ಲ ನನಗೆ ಒಂದು ಕಸಿವಿಸಿ. ನಿಜವಾದ ದಕ್ಷಿಣದ ಸ್ಟೇಷನ್ನಿನಲ್ಲಿ ಕೆಲವೇ ವರ್ಷಗಳ ಹಿಂದಿನವರೆಗೂ ಈ ಕಲಾವಿದರಿಗೆ ಕಪ್ಪು ಜನರಿಗೆಂದೇ ಇಟ್ಟಿದ್ದ ಬೇರೆ ಕೊಠಡಿಯಲ್ಲಿ ಕಾಯಬೇಕಿತ್ತು. ಸಾರ್ವಜನಿಕ ಜಾಗಗಳಲ್ಲಿ ಭೇದ ಮಾಡುವುದನ್ನು ನಿಲ್ಲಿಸುವ ನಾಗರಿಕ ಹಕ್ಕುಗಳ ಕಾಯ್ದೆಗೆ ಅಮೆರಿಕದ ಅಧ್ಯಕ್ಷರು ಸಹಿ ಹಾಕಿದ್ದು 1964ರ ಜುಲೈ 2ರಂದು, ಈ ಕಛೇರಿ ಆಗಿ ಎರಡು ತಿಂಗಳಿಗೆ. ಮೂಟೆ, ಕೋಳಿ ಇಟ್ಟವರಿಗೆ ಅದು ಅಲಂಕಾರ. ಹಾಡಿದವರಿಗೆ ಅದು ಓಡಿ ಬಂದ ಜಾಗ.

ಆದರೂ ರೈಲ್ವೆ ಸ್ಟೇಷನ್ ಆರಿಸಿದ್ದು ತಪ್ಪಲ್ಲ. ಬ್ಲೂಸಿಗೂ ರೈಲಿಗೂ ಹಳೆಯ ನಂಟು. ಡಬ್ಲ್ಯು. ಸಿ. ಹ್ಯಾಂಡಿ ಎಂಬ ಬ್ಯಾಂಡ್ ಮಾಸ್ಟರ್ 1903ರ ಸುಮಾರಿಗೆ ಮಿಸಿಸಿಪ್ಪಿಯ ಟಟ್ವೈಲರ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ, ಹರಿದ ಬಟ್ಟೆಯ ಒಬ್ಬ ಮನುಷ್ಯ ಗಿಟಾರ್ ತಂತಿಯ ಮೇಲೆ ಚಾಕು ಒತ್ತಿ ಜಾರಿಸುತ್ತಾ ಹಾಡಿದ್ದನ್ನು ಕೇಳಿ ಬೆರಗಾಗಿದ್ದಾಗಿ ಬರೆದುಕೊಂಡಿದ್ದಾರೆ. ದಕ್ಷಿಣದ ಹೊಲ ಬಿಟ್ಟು ಷಿಕಾಗೋಗೆ ಲಕ್ಷಗಟ್ಟಲೆ ಜನ ಹೋದದ್ದೂ ರೈಲು ಹತ್ತಿಯೇ. ಮಡ್ಡಿ ವಾಟರ್ಸ್ 1943ರಲ್ಲಿ ಹಾಗೇ ಹೋದವರು. ಅಲ್ಲಿನ ಗದ್ದಲದ ಬಾರುಗಳಲ್ಲಿ ಮರದ ಗಿಟಾರಿನ ಸದ್ದು ಕೇಳಿಸುವುದಿಲ್ಲ ಅಂತ ಕರೆಂಟಿನ ಗಿಟಾರ್ ಹಿಡಿದರು.

ಥಾರ್ಪ್ ಕೈಯಲ್ಲಿದ್ದ ಗಿಬ್ಸನ್ ಗಿಟಾರಿನಲ್ಲಿ ತಂತಿಗಳ ಕೆಳಗೆ ಮೂರು ಪಿಕಪ್‌ಗಳಿವೆ. ಪಿಕಪ್ ಅಂದರೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅಲುಗಿದರೆ ಆ ಸುತ್ತಿನಲ್ಲಿ ಪುಟಾಣಿ ಕರೆಂಟ್ ಹುಟ್ಟುತ್ತದೆ. ವಯರಿನಲ್ಲಿ ಹೋಗಿ ಆಂಪ್ಲಿಫೈಯರ್ ಸೇರಿ ದೊಡ್ಡದಾಗುತ್ತದೆ. ಆಂಪ್ಲಿಫೈಯರಿನ ತಾಕತ್ತಿಗಿಂತ ಜಾಸ್ತಿ ತಳ್ಳಿದರೆ ಅಲೆಯ ತುದಿ ಕತ್ತರಿಸಿ ಹೋಗಿ ಸ್ವರ ಒಡೆಯುತ್ತದೆ, ಗುರುಗುಟ್ಟುತ್ತದೆ. ಎಂಜಿನಿಯರಿಗೆ ಅದು ದೋಷ. ಆದರೆ ಚರ್ಚಿನಲ್ಲಿ ಆವೇಶ ಬಂದು ಹಾಡುವವರ ಗಂಟಲು ಕೇಳಿ, ಅದೂ ಹೀಗೇ ಒಡೆಯುತ್ತದೆ. ಸ್ವಚ್ಛವಾದ ಸ್ವರಕ್ಕಿಂತ ಒಡೆದ ಸ್ವರ ಹೆಚ್ಚು ನಿಜ ಹೇಳುತ್ತದೆ ಅನ್ನುವ ರುಚಿ ಆ ಸಂಗೀತದಲ್ಲಿ ಮೊದಲೇ ಇತ್ತು. ರಾಕ್ ಗಿಟಾರಿನ ಆ ಗುರುಗುಟ್ಟುವಿಕೆ ಕೇಳಿದಾಗ ನನಗೆ ನೆನಪಾಗುವುದು ಆ ಗಂಟಲೇ.

ಅವತ್ತು ಥಾರ್ಪ್ ಹಾಡಿದ ಇನ್ನೊಂದು ಹಾಡು 'ಟ್ರಬಲ್ ಇನ್ ಮೈಂಡ್'. ಇದು ಎಂಟು ಆವರ್ತದ ಹಳೆಯ ಬ್ಲೂಸ್, ರಿಚರ್ಡ್ ಎಂ. ಜೋನ್ಸ್ ಅವರದ್ದು. ಇದರಲ್ಲಿ ದೇವರ ಮಾತು ಮುಂದೆ ಬರುವುದಿಲ್ಲ. ಮನಸ್ಸಿಗೆ ನೆಮ್ಮದಿಯಿಲ್ಲ, ಆದರೂ ಒಂದು ದಿನ ನನ್ನ ಹಿತ್ತಲ ಬಾಗಿಲಿಗೂ ಬಿಸಿಲು ಬಂದೇ ಬರುತ್ತದೆ ಅನ್ನುತ್ತದೆ ಆ ಹಾಡು. ರೈಲು ಹಳಿಯ ಮೇಲೆ ತಲೆಯಿಟ್ಟು ಮಲಗುವ ಮಾತಿರುವ ಚರಣವೂ ಅದರಲ್ಲಿ ಪ್ರಸಿದ್ಧ. ಅಂಥ ಹಾಡನ್ನು ಅವರು ಹಳಿಯ ಪಕ್ಕದಲ್ಲೇ ನಿಂತು ಹಾಡಿದರು. ಒಂದು ದೇವರ ಹಾಡು, ಒಂದು ಮನುಷ್ಯರ ಹಾಡು. ಎರಡು ಹಾಡಿಗೂ ಅದೇ ಗಿಟಾರ್, ಅದೇ ಗಂಟಲು, ಅದೇ ನಗು. ಮುಖದಲ್ಲಿ ಎಲ್ಲಾದರೂ ಗೆರೆ ದಾಟಿದ ಅಳುಕು ಕಾಣುತ್ತದಾ ಅಂತ ಹುಡುಕಿದ್ದೇನೆ. ಇಲ್ಲ.

ನೀವು ಆ ವಿಡಿಯೊ ನೋಡುವಾಗ ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ 'ಡಿಡಂಟ್ ಇಟ್ ರೇನ್' ಮಧ್ಯೆ ಗಿಟಾರ್ ಸೋಲೊ ಬರುವಾಗ ಅವರ ಎಡಗೈ ಬೆರಳು ನೋಡಿ, ತಂತಿಯನ್ನು ಹೇಗೆ ಎಳೆದು ಬಿಡುತ್ತಾರೆ ಅಂತ. ಮೂರನೇ ಸಲ ಚಿತ್ರ ಬಿಟ್ಟು ಬರೀ ಕೇಳಿ, ಎರಡಕ್ಕೂ ನಾಲ್ಕಕ್ಕೂ ಕೈ ತಟ್ಟುತ್ತಾ. ಮುಂದೆ ಹೆಸರು ಮಾಡಿದ ಎಷ್ಟೋ ಗಂಡು ಗಿಟಾರಿಗರ ವರಸೆಗಳು ಅದರಲ್ಲಿ ಸಿಗುತ್ತವೆ.

1970ರಲ್ಲಿ ಥಾರ್ಪ್ ಅವರಿಗೆ ಪಾರ್ಶ್ವವಾಯು ಆಯಿತು. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡರು. ಆಮೇಲೂ ಹಾಡಿದರು. 1973ರ ಅಕ್ಟೋಬರ್ 9ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು. ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. 2008ರಲ್ಲಿ ಒಂದು ಕಛೇರಿ ಮಾಡಿ ದುಡ್ಡು ಕೂಡಿಸಿ ಕಲ್ಲು ನಿಲ್ಲಿಸಬೇಕಾಯಿತು. ಹೆಸರಾಂತ ಹಾಡುಗಾರ ಜಾನಿ ಕ್ಯಾಶ್ ತಮ್ಮನ್ನು ರಾಕ್ ಸಂಗೀತದ ಗೌರವ ಪಟ್ಟಿಯಾದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮಿಗೆ ಸೇರಿಸಿಕೊಂಡ 1992ರಲ್ಲೇ ಚಿಕ್ಕಂದಿನ ತಮ್ಮ ಮೆಚ್ಚಿನವರೆಂದು ಥಾರ್ಪ್ ಹೆಸರು ಹೇಳಿದ್ದರು. ಅದೇ ಹಾಲ್ ಆಫ್ ಫೇಮಿಗೆ ಥಾರ್ಪ್ ಅವರನ್ನು ಸೇರಿಸಿಕೊಂಡಿದ್ದು 2018ರಲ್ಲಿ. ಇಷ್ಟು ತಡ ಆದದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ವಿಲ್‌ಬ್ರಹಾಂ ರೋಡ್ ಸ್ಟೇಷನ್ ಈಗ ಇಲ್ಲ. ಹಳಿ ಕಿತ್ತು ಆ ದಾರಿಯನ್ನು ಫಾಲೋಫೀಲ್ಡ್ ಲೂಪ್ ಅನ್ನುವ ಸೈಕಲ್ ಹಾದಿ ಮಾಡಿದ್ದಾರೆ. ಎರಡೂ ಕಡೆ ಮರ. ಜನ ನಡೆಯುತ್ತಾರೆ, ಮಕ್ಕಳು ಸೈಕಲ್ ಹೊಡೆಯುತ್ತಾರೆ. ಕುದುರೆ ಗಾಡಿ ಬಂದು ನಿಂತ ಜಾಗದ ಪಕ್ಕದಲ್ಲೇ ಆ ಹಾದಿ ಹೋಗುತ್ತದೆ.